ಶಾಲೆಯ ಬಾಗಿಲಲ್ಲಿ ಮಡಿ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಶಿಕ್ಷಣಚರಿತ್ರೆಯನ್ನು ಪರಿಶೀಲಿಸುವಾಗ, ಈ ತಾಲ್ಲೂಕುಗಳು ಸೇರಿದ್ದ ಮೈಸೂರು ಸಂಸ್ಥಾನದ ಒಂದು ನಿರ್ಧಾರವನ್ನು ನಾವು ಮರೆಯಲಾಗದು. ಅಸ್ಪೃಶ್ಯರೆನಿಸಿದವರ ಮಕ್ಕಳಿಗೂ ಸರ್ಕಾರಿ ಶಾಲೆಗಳು ತೆರೆದಿರತಕ್ಕದ್ದೆಂದು 1915ರಲ್ಲಿ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ಸರ್ಕಾರವು ಆಜ್ಞಾಪಿಸಿತು. ಈ ನೀತಿಯ ಕಠಿಣ ಪರೀಕ್ಷೆ ಆ ಕಾಲದಲ್ಲಿ ಶೃಂಗೇರಿಯಲ್ಲಿ ಒದಗಿತು. ಪಂಚಮ ಬಾಲಕರನ್ನು ಸೇರಿಸಿಕೊಂಡೊಡನೆ ಸವರ್ಣ ತಂದೆತಾಯಿಗಳು ತಮ್ಮ ಮಕ್ಕಳನ್ನು ಶಾಲೆ ಬಿಡಿಸಿದರು, ಸರ್ಕಾರವು ಮಣಿಯಲಿಲ್ಲ.

ಸಕಲ ಜೀವರಲ್ಲಿಯೂ ಆತ್ಮವೊಂದೇ ಎಂದು ಸಾರುವ ಅದ್ವೈತದ ಪೀಠವಿರುವ ಊರಿನಲ್ಲಿಯೇ ಮಕ್ಕಳ ಸಹವಾಸವು ಮೈಲಿಗೆಯೆನಿಸಿತೆಂಬುದು ಗಮನಾರ್ಹ. ಮಕ್ಕಳ ಹಿತಕ್ಕಾಗಿ ಹೆತ್ತವರು ಒಗ್ಗೂಡುವುದು ಸ್ತುತ್ಯವೇ ಸರಿ. ಪರರ ಮಕ್ಕಳನ್ನು ಹೊರಗಿಡಲು ಸ್ವಂತ ಮಕ್ಕಳ ವಿದ್ಯೆಯನ್ನೇ ಪಣವೊಡ್ಡುವುದು ಧರ್ಮವಲ್ಲ, ಡಾಂಭಿಕತೆ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 29ನೆಯ ವಿಧಿಯು ಜಾತಿಯ ಕಾರಣದಿಂದ ಸರ್ಕಾರಿ ಶಾಲೆಯಲ್ಲಿ ಪ್ರವೇಶ ನಿರಾಕರಿಸುವುದನ್ನು ನಿಷೇಧಿಸಿತು. ಆದರೆ ಮಕ್ಕಳನ್ನು ಶಾಲೆ ಬಿಡಿಸುವ ಕೈಯನ್ನು ತಡೆಯಬೇಕಾದುದು ಮನೆಯ ವಿವೇಕವೇ.