ಗುಬ್ಬಿಯೋದ ‘ಚೆರಿ’ ಉತ್ಸವ: ಉಂಬ್ರಿಯನ್ನರ ನೆನಪು

ಮಧ್ಯ ಇಟಲಿಯ ಉಂಬ್ರಿಯಾ ಪ್ರಾಂತ್ಯದ ಗುಬ್ಬಿಯೋ ಪಟ್ಟಣದಲ್ಲಿ ಪ್ರತಿವರ್ಷ ಮೇ 15ರಂದು ನಡೆಯುವ ಉತ್ಸವವೇ ‘ಚೆರಿ’. 1160ರ ಮೇ 16ರಂದು ನಿಧನರಾದ ಬಿಷಪ್, ಪಟ್ಟಣದ ರಕ್ಷಕ ಸಂತ ಉಬಾಲ್ಡೊ ಅವರ ಪುಣ್ಯತಿಥಿಯ ಮುನ್ನಾದಿನವಿದು.

ಉಬಾಲ್ಡೊ, ಜಾರ್ಜ್ ಮತ್ತು ಅಂತೋಣಿ ಸಂತರ ಮೂರ್ತಿಗಳನ್ನು ತುದಿಯಲ್ಲಿ ಹೊಂದಿದ, ತಲಾ ಸುಮಾರು 300 ಕಿಲೊ ತೂಕದ ಮೂರು ಮರದ ಸ್ತಂಭಗಳನ್ನು ಹೆಗಲ ಮೇಲೆ ಹೊತ್ತು ತಂಡಗಳು ಇಂಜಿನೊ ಬೆಟ್ಟದ ಬಸಿಲಿಕಾವರೆಗೆ ಓಡುತ್ತವೆ. ಇಲ್ಲಿ ಹಿಂದಿಕ್ಕುವ ಪೈಪೋಟಿಯಿಲ್ಲ; ಉಬಾಲ್ಡೊ ಸ್ತಂಭವೇ ಸದಾ ಮುಂದೆ. ಸ್ತಂಭ ಬೀಳದಂತೆ, ಅಂತರ ಹೆಚ್ಚದಂತೆ ಓಡುವುದೇ ಕೌಶಲ.

ಉತ್ಸವದ ಮೂಲದ ಬಗ್ಗೆ ಒಮ್ಮತವಿಲ್ಲ. ಸಂತನಿಗೆ ಮೇಣದಬತ್ತಿ ಅರ್ಪಿಸುತ್ತಿದ್ದ ಮಧ್ಯಯುಗದ ಆಚರಣೆಯೇ ಇದರ ಮೂಲ ಎಂಬುದು ಒಂದು ವಾದ. ‘ಚೆರಿ’ ಎಂದರೆ ಮೇಣದಬತ್ತಿಗಳು. ರೋಮನ್ನರಿಗೂ ಮೊದಲು ಇಲ್ಲಿ ನೆಲೆಸಿದ್ದ ಉಂಬ್ರಿಯನ್ನರ ವಸಂತಕಾಲದ ವಿಧಿಯೇ ಸಂತನ ಹೆಸರಿನಲ್ಲಿ ಉಳಿದಿದೆ ಎಂಬುದು ಇನ್ನೊಂದು.

ಎರಡನೆಯ ವಾದದವರು ಪಟ್ಟಣದ ಏಳು ಕಂಚಿನ ಫಲಕಗಳತ್ತ ಬೆರಳು ತೋರುತ್ತಾರೆ. 1456ರಲ್ಲಿ ಪಟ್ಟಣದ ಆಡಳಿತವು ಖರೀದಿಸಿದ ಇವು ಇಂದು ಕಾನ್ಸುಲ್‌ಗಳ ಅರಮನೆಯ ವಸ್ತುಸಂಗ್ರಹಾಲಯದಲ್ಲಿವೆ. ಊರನ್ನು ಶುದ್ಧೀಕರಿಸುವ ಮೆರವಣಿಗೆ, ಬಲಿ ಮತ್ತು ಪ್ರಾರ್ಥನೆಗಳ ವಿವರ ಇವುಗಳಲ್ಲಿದೆ. ಇಷ್ಟು ದೀರ್ಘವಾದ ಉಂಬ್ರಿಯನ್ ಪಠ್ಯ ಬೇರೊಂದಿಲ್ಲ. ಆದರೆ ಹೆಗಲ ಮೇಲೆ ಸ್ತಂಭ ಹೊತ್ತು ಓಡುವ ಉಲ್ಲೇಖ ಅವುಗಳಲ್ಲಿಲ್ಲ.

ಲ್ಯಾಟಿನ್ ಪ್ರಾಬಲ್ಯಕ್ಕೆ ಸಿಲುಕಿ ಉಂಬ್ರಿಯನ್ ಭಾಷೆ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಮರೆಯಾಯಿತು. ಆ ಜನರ ಹೆಸರು ಮಾತ್ರ ಪ್ರಾಂತ್ಯಕ್ಕೆ ಉಳಿದಿದೆ. ಆ ಪ್ರಾಂತ್ಯದ ಲಾಂಛನದಲ್ಲಿರುವುದು ಇದೇ ಮೂರು ಸ್ತಂಭಗಳು.