ಶನಿವಾರ್ ತೇಲಿಗಳ ತೆಂಗಿನ ಹಾಲು

ಠಾಕುರ್ಲಿಯಲ್ಲಿ ಸ್ಲೋ ಲೋಕಲ್ ಹತ್ತಿ ಥಾಣೆಯಲ್ಲಿ ಇಳಿದರೆ, ಅಲ್ಲೊಂದು ಯಹೂದಿ ಪ್ರಾರ್ಥನಾ ಮಂದಿರ ಇದೆ. ಹೆಸರು ಶಾರ್ ಹಶಮಾಯಿಮ್, ಅಂದ್ರೆ ಸ್ವರ್ಗದ ಬಾಗಿಲು. 1879ರಲ್ಲಿ ಶುರುವಾದದ್ದು. ಕಟ್ಟಿದವರು ಬೆನೆ ಇಸ್ರೇಲ್ ಸಮುದಾಯದವರು. ಕೊಂಕಣದ ಹಳ್ಳಿಗಳಲ್ಲಿ ಎಣ್ಣೆ ಗಾಣ ನಡೆಸ್ತಿದ್ದ ಇವರು ಶನಿವಾರ ಮಾತ್ರ ಕೆಲಸ ಮಾಡ್ತಿರಲಿಲ್ಲ. ಅದಕ್ಕೇ ಊರವರು 'ಶನಿವಾರ್ ತೇಲಿ' ಅಂತ ಕರೆದರು.

ಯಹೂದಿ ಕಟ್ಟಳೆ ಪ್ರಕಾರ ರೆಕ್ಕೆ, ಹುರುಪೆ ಎರಡೂ ಇರುವ ಮೀನು ಮಾತ್ರ ತಿನ್ನಬಹುದು; ಸಿಗಡಿ, ಏಡಿ ಇಲ್ಲ. ಮಾಂಸದ ಜೊತೆ ಹಾಲು, ಬೆಣ್ಣೆ ಸೇರಬಾರದು. ಹಾಗಾದ್ರೆ ಜಿಡ್ಡಿಗೆ ಏನು ಮಾಡೋದು? ಪೂರ್ವ ಯುರೋಪಿನ ಯಹೂದಿಗಳು ಕೋಳಿ, ಹೆಬ್ಬಾತಿನ ಕೊಬ್ಬು ಬಳಸಿದರು. ಕೊಂಕಣದವರ ಕೈಗೆ ಸಿಕ್ಕಿದ್ದು ತೆಂಗು. ಮಟನ್ ಸಾರಿಗೂ ತೆಂಗಿನ ಹಾಲು, ಹೊಸ ವರ್ಷದ ಹಲ್ವಾಕ್ಕೂ ಅದೇ. ಗೋಧಿ ಹಾಲು ಸೇರಿಸಿ ಕಾಯಿಸೋ ಆ ಹಲ್ವಾ ನಮ್ಮ ಹಾಲುಬಾಯಿಯ ತಂಗಿಯೇ ಸರಿ! ಎಲಿಯಾ ಪ್ರವಾದಿಯ ಹೆಸರಲ್ಲಿ ಮಾಡೋ ಮಲಿದಾ ಅಂದ್ರೆ ಅವಲಕ್ಕಿ, ಕಾಯಿತುರಿ, ಸಿಹಿ. ರಿಕ್ವೈರ್‌ಮೆಂಟ್ ಒಂದೇ, ಇಂಪ್ಲಿಮೆಂಟೇಶನ್ ಊರಿಗೊಂದು.

1948ರ ನಂತರ ಇವರಲ್ಲಿ ಹೆಚ್ಚಿನವರು ಇಸ್ರೇಲಿಗೆ ಹೋದರು. ಅಲ್ಲೂ ಮಲಿದಾ ಮಾಡ್ತಾರೆ. ಕೊಂಕಣದಲ್ಲಿ ಇವರನ್ನು ಯಹೂದಿಗಳಾಗಿ ಉಳಿಸಿದ್ದು ಕಟ್ಟಳೆ; ಇಸ್ರೇಲಿನಲ್ಲಿ ಕೊಂಕಣದವರಾಗಿ ಉಳಿಸಿರೋದು ಅವಲಕ್ಕಿ. ಕೆಲಸಕ್ಕೆ ಅಂತ ಊರು ಬಿಟ್ಟು ಬಂದ ನಮ್ಮ ಮನೆಗಳಲ್ಲಿ ಹಾಗೆ ಉಳಿಯೋದು ಯಾವ ಅಡುಗೆ? ಕಾಮೆಂಟಲ್ಲಿ ಬರೀರಿ.