ಮರಳಿದ ಅರಸ, ವೇಷದ ಅರಸ: ಒಂದು ಆನ್‌ಲೈನ್ ಆಟ ಮತ್ತು 1837

ಸಾಹಿತ್ಯದ ಗೋಷ್ಠಿಯಲ್ಲಿ ಕಂಪ್ಯೂಟರ್ ಆಟದ ಮಾತು ಯಾಕೆ ಅಂತ ಗುರುಗಳಿಗೆ ಅನ್ನಿಸಬಹುದು. ಕಾಣೆಯಾದ ಅರಸ ಮರಳಿ ಬರುವುದು, ಮೋಸದ ವೇಷ ಬಯಲಾಗುವುದು ಹಳೆಯ ಕಥಾವಸ್ತುಗಳು. ಅವು ಈಗ ಎಲ್ಲಿ ಬದುಕಿವೆ ಅಂತ ಹುಡುಕಿದಾಗ ನನಗೆ ಸಿಕ್ಕಿದ್ದು 2004ರಲ್ಲಿ ಬಂದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್'.

ಆಟ ಶುರುವಾಗುವಾಗ ಸ್ಟಾರ್ಮ್‌ವಿಂಡ್ ಪಟ್ಟಣದಲ್ಲಿ ಅರಸ ವೇರಿಯನ್ ಇಲ್ಲ. ಸಿಂಹಾಸನದಲ್ಲಿ ಅವನ ಸಣ್ಣ ಮಗ, ಪಕ್ಕದಲ್ಲಿ ಸಲಹೆಗಾರ್ತಿ ಕಟ್ರಾನಾ ಪ್ರೆಸ್ಟರ್. ಅವಳು ನಿಜಕ್ಕೂ ಒನಿಕ್ಸಿಯಾ ಎಂಬ ಕಪ್ಪು ಡ್ರ್ಯಾಗನ್. ಸೆರೆಯಿಂದ ಬಿಡಿಸಿಕೊಂಡು ಬಂದ ವಿಂಡ್ಸರ್ ಎಂಬ ಸೇನಾನಿ ಪಟ್ಟಣದ ಬೀದಿಯಲ್ಲಿ ನಡೆದು ಬರುತ್ತಾನೆ, ತಡೆಯಬೇಕಾದ ಕಾವಲುಗಾರರೇ ದಾರಿ ಬಿಟ್ಟು ವಂದಿಸುತ್ತಾರೆ. ಅರಮನೆಯಲ್ಲಿ ಅವನು ಫಲಕ ಓದಿದೊಡನೆ ಅವಳ ವೇಷ ಕಳಚುತ್ತದೆ, ವಿಂಡ್ಸರ್ ಸಾಯುತ್ತಾನೆ. ಮರುದಿನ ಇನ್ನೊಬ್ಬ ಆಟಗಾರನಿಗಾಗಿ ಅವನು ಮತ್ತೆ ನಡೆದು ಬರಬೇಕು! ಸುತ್ತ ನಿಂತವರಿಗೆ ಗುಟ್ಟು ಮೊದಲೇ ಗೊತ್ತು, ಆದರೂ ನಿಂತು ನೋಡುತ್ತಾರೆ. ನಮ್ಮ ಕಾಸರಗೋಡಿನ ಕಡೆ ಆಟ ಅಂದರೆ ಯಕ್ಷಗಾನವೇ ತಾನೆ. ವಲಲನೇ ಭೀಮ ಅಂತ ಗೊತ್ತಿದ್ದೂ ಕೀಚಕವಧೆಗೆ ಬೆಳಗಿನವರೆಗೆ ಕೂರುವ ಹಾಗೆ.

ವೇರಿಯನ್ ಮರಳಿದ್ದು 2008ರಲ್ಲಿ. ಅದಕ್ಕೂ ಮುಂಚಿನ ಕತೆಯನ್ನು ಕಾಮಿಕ್ಸ್ ಪುಸ್ತಕಗಳು ಹೇಳಿದವು. ಒನಿಕ್ಸಿಯಾ ಅವನನ್ನು ಮಾಯೆಯಿಂದ ಎರಡಾಗಿ ಸೀಳಿರುತ್ತಾಳೆ. ಒಬ್ಬ ಹೇಳಿದಂತೆ ಕೇಳುವ ಅರಸ, ಮತ್ತೊಬ್ಬ ನೆನಪು ಕಳೆದುಕೊಂಡು ಅಖಾಡದಲ್ಲಿ ಹೊಡೆದಾಡುವ ಗುಲಾಮ. ಇಬ್ಬರಲ್ಲಿ ಸೋಗಿನವನು ಯಾರು? ಇಬ್ಬರೂ ಅಲ್ಲ. ಒಳ್ಳೆಯ ಪ್ರಶ್ನೆ ಹುಟ್ಟಿತು ಅನ್ನುವಷ್ಟರಲ್ಲಿ ಇಬ್ಬರನ್ನೂ ಒಂದು ಮಾಡಿ ಕತೆ ಕೈತೊಳೆದುಕೊಳ್ಳುತ್ತದೆ.

ನನ್ನ ತಕರಾರು ಬೇರೆ ಕಡೆ ಇದೆ. ಇದೇ ಪಟ್ಟಣವನ್ನು ಮರಳಿ ಕಟ್ಟಿದ ಕಲ್ಲುಕುಟಿಗರಿಗೆ ಅಲ್ಲಿನ ಶ್ರೀಮಂತರು ಕೂಲಿ ಕೊಡಲಿಲ್ಲ. ಅವರು ದಂಗೆಯೆದ್ದರು, ಓಡಿಹೋಗಿ ಡೆಫಿಯಾಸ್ ಎಂಬ ಗುಂಪು ಕಟ್ಟಿದರು. ಆಟ ಅವರನ್ನು ದರೋಡೆಕೋರರೆಂದು ಕರೆದು, ಹೊಸದಾಗಿ ಬಂದವರ ಕೈಯಲ್ಲಿ ಕೊಲ್ಲಿಸುತ್ತದೆ. ಆಮೇಲೆ ಗೊತ್ತಾಗುತ್ತದೆ, ಆ ಶ್ರೀಮಂತರ ಕಿವಿಯೂದಿದ್ದು ಒನಿಕ್ಸಿಯಾ ಅಂತ. ಅಲ್ಲಿಗೆ ತಪ್ಪೆಲ್ಲ ವೇಷದವಳದ್ದು, ಅರಸ ಬಂದ, ಸರಿಯಾಯಿತು. ಕೂಲಿಯ ಬಾಕಿ ಹಾಗೇ ಉಳಿಯಿತು!

ಇದನ್ನು ಯೋಚಿಸುವಾಗ ನನಗೆ ಪುಟ್ಟಬಸಪ್ಪ ನೆನಪಾದ. ಕಂಪನಿ ಸರಕಾರ 1834ರಲ್ಲಿ ಕೊಡಗನ್ನು ವಶಮಾಡಿಕೊಂಡು ಚಿಕ್ಕವೀರರಾಜೇಂದ್ರನನ್ನು ಕಾಶಿಗೆ ಕಳಿಸಿತು. ಅಮರ ಸುಳ್ಯ, ಪುತ್ತೂರು ಸೀಮೆ ಕೆನರಾ ಜಿಲ್ಲೆಗೆ ಸೇರಿದವು. ಮೊದಲು ಬೆಳೆಯ ರೂಪದಲ್ಲಿ ಕಂದಾಯ ಕೊಡುತ್ತಿದ್ದ ರೈತರು ಈಗ ನಗದು ಎಣಿಸಬೇಕಾಯಿತು. ಹಾಲೇರಿ ವಂಶದವರೆಂದು ಹೇಳಿಕೊಂಡ ಅಪರಂಪಾರ ಸೆರೆಯಾದ. ಅವನ ನಂತರ ಬಂದ ಕಲ್ಯಾಣಸ್ವಾಮಿಯೂ ಸೆರೆಯಾದ. ಆಗ ರೈತ ಮುಂದಾಳುಗಳು ಪುಟ್ಟಬಸಪ್ಪನನ್ನೇ ಕಲ್ಯಾಣಸ್ವಾಮಿ ಎಂದು ಮುಂದೆ ನಿಲ್ಲಿಸಿದರು. ಅಂದರೆ ವೇಷಕ್ಕೊಂದು ವೇಷ. 1837ರ ಏಪ್ರಿಲ್ 5ರಂದು ದಂಡು ಮಂಗಳೂರು ಹೊಕ್ಕಿತು, ಸುಮಾರು ಎರಡು ವಾರ ಊರು ಅವರ ಕೈಯಲ್ಲಿತ್ತು. ಆಗ ಇದೇ ಜಿಲ್ಲೆಯಲ್ಲಿದ್ದ ಕುಂಬಳೆ ಸೀಮೆಗೂ ಅದರ ಬಿಸಿ ತಟ್ಟಿತು. ಆಮೇಲೆ ಕಂಪನಿ ಸೈನ್ಯ ಬಂತು, ಪುಟ್ಟಬಸಪ್ಪನಿಗೆ ಮಂಗಳೂರಲ್ಲೇ ಗಲ್ಲಾಯಿತು.

ಅವನನ್ನು ನಿಲ್ಲಿಸಿದವರಿಗೆ ಅವನು ಯಾರೆಂದು ಗೊತ್ತೇ ಇತ್ತು. ಅರಸನ ಹೆಸರಿಲ್ಲದೆ ಜನ ಕೂಡಲಾರರು ಎಂಬುದೂ ಗೊತ್ತಿತ್ತು. ಸ್ಟಾರ್ಮ್‌ವಿಂಡ್‌ನಲ್ಲಿ ವೇಷವು ಕೂಲಿಯ ಪ್ರಶ್ನೆಯನ್ನು ಮುಚ್ಚಿಹಾಕಿತು. ಇಲ್ಲಿ ಕಂದಾಯದ ಪ್ರಶ್ನೆಗೆ ಬಾಯಿ ಕೊಟ್ಟದ್ದೇ ವೇಷ. ಸೋತ ಮೇಲೆ ಉಳಿದ ಹೆಸರು ಮಾತ್ರ ಡೆಫಿಯಾಸ್‌ನವರಿಗೆ ಸಿಕ್ಕಂಥದ್ದೇ: 'ಕಲ್ಯಾಣಪ್ಪನ ಕಾಟಕಾಯಿ', ಅಂದರೆ ಲೂಟಿ, ಕಿರುಕುಳ. ಹೋರಾಟದ ಹೆಸರು ಬರಲು ಬಹಳ ಕಾಲ ಹಿಡಿಯಿತು.

ಇಲ್ಲಿ ನಿರಂಜನರನ್ನು ನೆನೆಯಬೇಕು. ಕಾಸರಗೋಡಿನ ಕಯ್ಯೂರಿನ ರೈತರನ್ನು 'ಚಿರಸ್ಮರಣೆ'ಗೆ ತಂದವರೇ 'ಕಲ್ಯಾಣಸ್ವಾಮಿ' ಕಾದಂಬರಿಯನ್ನೂ ಬರೆದರು. 1956ರಲ್ಲಿ ಗಡಿ ಬಿದ್ದ ಮೇಲೆ ನಾವು ಈ ಎರಡನ್ನೂ ಎರಡು ರಾಜ್ಯಗಳ ಕತೆಯಾಗಿ ಓದುತ್ತೇವೆ. ಅವು ನಡೆದ ಕಾಲಕ್ಕೆ ಆ ಊರುಗಳೆಲ್ಲ ಒಂದೇ ಜಿಲ್ಲೆಯಲ್ಲಿದ್ದವು.

ಒಂದು ಮಾತು ಬಿಟ್ಟುಹೋಯಿತು. ಇಷ್ಟೆಲ್ಲ ನಡೆಯುವಾಗ ನಿಜವಾದ ಅರಸ ಎಲ್ಲಿದ್ದ? ಕಾಶಿಯಲ್ಲಿ. 1852ರಲ್ಲಿ ಮಗಳೊಂದಿಗೆ ಲಂಡನ್ನಿಗೆ ಹೋದ, ತನ್ನ ಹಣ ವಾಪಸು ಕೊಡಿ ಎಂದು ಕಂಪನಿಯ ಮೇಲೆ ದಾವೆ ಹೂಡಿದ. ಕೊಡಗಿಗೆ ಮರಳಲೇ ಇಲ್ಲ, 1859ರಲ್ಲಿ ಅಲ್ಲೇ ತೀರಿಕೊಂಡ.